ಜರ್ಮನ್ನರ ರವಿವಾರ



ಜರ್ಮನ್ನರೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವರು ರೆವರೆಂಡ್ ಕಿಟೆಲ್. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಅಂಥ ಕೆಲಸ ಕಂಡವರು, 'ಶಿಸ್ತು ಅವರ ರಕ್ತದಲ್ಲೇ ಅದೆ' ಎನ್ನುತ್ತಾರೆ. ಆ ಮಾತು ಎಷ್ಟು ಖರೆ ಎಂಬುದನ್ನು ಇವತ್ತು ನೋಡೋಣ.

ಮೊದಲು ಅವರ ರವಿವಾರ. ಅಂದು ಅಂಗಡಿಗಳು ಬಹುತೇಕ ಬಂದ್. ಬ್ರೆಡ್ ಅಂಗಡಿ ಕೆಲವು ತಾಸು ತೆರೆದಿರುತ್ತದೆ. ಪೆಟ್ರೋಲ್ ಪಂಪು, ದೊಡ್ಡ ರೈಲು ನಿಲ್ದಾಣದ ಅಂಗಡಿಗಳೂ ಉಂಟು. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದರೆ, ಅಂಗಳದ ಹುಲ್ಲು ಕತ್ತರಿಸುವ ಮಷೀನು ಚಾಲೂ ಮಾಡಿದರೆ ನೆರೆಯವರು ಬಾಗಿಲು ಬಡಿಯುತ್ತಾರೆ. ರವಿವಾರ ವಿಶ್ರಾಂತಿಯ ದಿನವೆಂದು 1919ರ ವೈಮಾರ್ ಸಂವಿಧಾನವೇ ಬರೆದಿಟ್ಟಿತು. 1949ರ ಸಂವಿಧಾನ ಆ ಮಾತನ್ನು ಹಾಗೇ ಉಳಿಸಿಕೊಂಡಿತು. ಹೊರ್ತಿ, ಇಂಡಿ, ಬಸವನ ಬಾಗೇವಾಡಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಮವಾರ ಎತ್ತು ಹೂಡಬಾರದೆಂಬ ರೂಢಿ ನಮ್ಮದು. ಅದನ್ನು ಬಸವಣ್ಣನ ಮೇಲಿನ ಭಕ್ತಿ ಕಾಯ್ದುಕೊಂಡು ಬಂತು. ಅಲ್ಲಿ ಚರ್ಚಿಗೆ ಹೋಗುವವರು ಕಡಿಮೆಯಾದರೂ ರವಿವಾರ ಉಳಿದಿದೆ; ಕಾನೂನಿನ ಜೊತೆಗೆ ಕಾರ್ಮಿಕ ಸಂಘಗಳೂ ಅದರ ಬೆನ್ನಿಗಿವೆ.

ಇನ್ನು ಅವರ ಸ್ವಚ್ಛತೆ. ನೀರಿನ ಪ್ಲಾಸ್ಟಿಕ್ ಬಾಟಲಿ ಕೊಂಡಾಗ 25 ಸೆಂಟ್ ಠೇವಣಿಯನ್ನೂ ಕೊಡಬೇಕು. ಈ ಪದ್ಧತಿ ಬಂದದ್ದು 2003ರಲ್ಲಿ. ಖಾಲಿ ಬಾಟಲಿಯನ್ನು ಅಂಗಡಿಯ ಮಷೀನಿಗೆ ಹಾಕಿದರೆ ಚೀಟಿ ಬರುತ್ತದೆ; ಚೀಟಿ ಕೊಟ್ಟರೆ ರೊಕ್ಕ ವಾಪಸ್. ಮರಳಿಸಲು ಬೇಸರವಾದವರು ಬಾಟಲಿಯನ್ನು ಕಸದ ಡಬ್ಬಿಯೊಳಗೆ ಎಸೆಯದೆ ಅದರ ಪಕ್ಕಕ್ಕೆ ನಿಲ್ಲಿಸಿ ಹೋಗುತ್ತಾರೆ. ಬಡವರು ಕಸದಲ್ಲಿ ಕೈಯಾಡಿಸದೆ ಎತ್ತಿಕೊಳ್ಳಲಿ ಎಂದು.

ಇಷ್ಟು ಲೆಕ್ಕಾಚಾರದವರು ಶಕುನ ನೋಡುವುದಿಲ್ಲ ಎಂದುಕೊಳ್ಳಬೇಡಿ. ಹುಟ್ಟುಹಬ್ಬದ ಹಿಂದಿನ ದಿನವೇ ಶುಭ ಹಾರೈಸಿದರೆ ಕೇಡು ಎನ್ನುತ್ತಾರೆ. ಚಿಮಣಿಯ ಮಸಿ ತೆಗೆಯುವವನು ಎದುರಾದರೆ ಒಳ್ಳೇದು. ಮದುವೆಗೆ ಮುಂಚೆ ನೆಂಟರಿಷ್ಟರು ಬಂದು ಮನೆ ಮುಂದೆ ಪಿಂಗಾಣಿ ತಟ್ಟೆಗಳನ್ನು ಒಡೆಯುತ್ತಾರೆ; ಆ ಚೂರುಗಳನ್ನು ಮದುಮಕ್ಕಳಿಬ್ಬರೂ ಕೂಡಿ ಗುಡಿಸಬೇಕು. ಆದರೆ ಗಾಜು ಒಡೆಯುವುದು ಅಪಶಕುನ!

ಹಾಗಾಗಿ ಶಿಸ್ತು ಯಾರ ರಕ್ತದಲ್ಲೂ ಇಲ್ಲ. ನಂಬಿಕೆ ಅವರಿಗೂ ಇದೆ, ನಮಗೂ ಇದೆ. ಹೆಚ್ಚಿಗೆ ಅವರು ಮಾಡಿದ್ದು ಇಷ್ಟೇ: ಒಳ್ಳೆಯ ರೂಢಿಗೆ ಕಾನೂನಿನ ಕಾವಲು ಇಟ್ಟರು, ಕಸಕ್ಕೊಂದು ಬೆಲೆ ಕಟ್ಟಿದರು. ಅದು ನಮ್ಮ ಕೈಯಲ್ಲೂ ಆಗುವ ಕೆಲಸ. ಹೊರ್ತಿಯ ರೇವಣಸಿದ್ಧೇಶ್ವರ ಜಾತ್ರೆಯಲ್ಲಿ ಒಂದೊಂದು ಬಾಟಲಿಗೆ ಎರಡು ರೂಪಾಯಿ ಠೇವಣಿ ಇಟ್ಟು ನೋಡಿ. ಜಾತ್ರೆ ಮುಗಿಯುವಷ್ಟರಲ್ಲಿ ನಮ್ಮ ಹುಡುಗರೇ ಬಯಲನ್ನು ಸ್ವಚ್ಛ ಮಾಡಿರುತ್ತಾರೆ.