ವಾದ್ಯವೃಂದದ ಗುರು ವೀಣೆ ವೆಂಕಟಗಿರಿಯಪ್ಪ
(ಶತಮಾನೋತ್ಸವದ ಗಾಯನ ಸಂಧ್ಯೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಈ ದೇವಾಲಯವನ್ನು ಕಟ್ಟಿದವರನ್ನು ನಾವು ಕೃತಜ್ಞತೆಯಿಂದ ಸ್ಮರಿಸಿದ್ದೇವೆ. ಇಲ್ಲಿ ಹಾಡಲು ಕಲಿಸಿದವರನ್ನು ಸ್ಮರಿಸುವುದೂ ನಮ್ಮ ಕರ್ತವ್ಯ. ಅಂಥವರ ಸೇವೆಯ ಬೆಲೆಯನ್ನು ಅರಿಯಲು ನಮ್ಮ ನೆರೆಯ ಮೈಸೂರಿನ ಮಹನೀಯರೊಬ್ಬರ ಜೀವನವನ್ನು ನಿಮ್ಮ ಮುಂದಿಡಬಯಸುತ್ತೇನೆ. ಅವರೇ ವೈಣಿಕರೂ ವಾಗ್ಗೇಯಕಾರರೂ ಅರಮನೆಯ ವಾದ್ಯವೃಂದದ ನಿರ್ದೇಶಕರೂ ಆಗಿದ್ದ ವೀಣೆ ವೆಂಕಟಗಿರಿಯಪ್ಪನವರು.

1887ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಜನಿಸಿದ ಅವರು ವೀಣೆ ಶೇಷಣ್ಣನವರ ಶಿಷ್ಯರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರ ವಾದನವನ್ನು ಕೇಳಿ ಎರಡೇ ರೂಪಾಯಿ ಸಂಭಾವನೆ ಕೊಡಿಸಿದರಂತೆ. ಅದು ಪರೀಕ್ಷೆ. ವಿದ್ವಾಂಸರು ಬೇಸರಿಸದೆ ವಿನಯದಿಂದ ಸ್ವೀಕರಿಸಿದರೆಂದೂ, ಇದನ್ನರಿತ ಮಹಾರಾಜರು ಅವರನ್ನು ಆಸ್ಥಾನಕ್ಕೆ ಸೇರಿಸಿಕೊಂಡರೆಂದೂ ಹೇಳುತ್ತಾರೆ.

ವಾದ್ಯವೃಂದವನ್ನು ನಡೆಸುವವನಿಗೆ ಬೇಕಾದ ಮೊದಲ ಗುಣವೇ ಈ ವಿನಯ. ನಮ್ಮ ಸಂಗೀತದಲ್ಲಿ ಒಬ್ಬೊಬ್ಬ ವಿದ್ವಾಂಸನೂ ತನ್ನ ಮನೋಧರ್ಮದಂತೆ ರಾಗವನ್ನು ಬೆಳೆಸುತ್ತಾನೆ. ಹತ್ತು ಮಂದಿ ಒಟ್ಟಿಗೆ ಕುಳಿತು ತಮಗೆ ತೋರಿದಂತೆ ಗಮಕ ಹಾಕಿದರೆ ಉಳಿಯುವುದು ಗದ್ದಲವೇ. ಪಾಶ್ಚಾತ್ಯ ವಾದ್ಯಗೋಷ್ಠಿಯಲ್ಲಿ ಪ್ರತಿಯೊಬ್ಬನ ಪಾಲನ್ನೂ ಮೊದಲೇ ಬರೆದಿಟ್ಟಿರುತ್ತಾರೆ. ಆ ಶಿಸ್ತನ್ನೂ ನಮ್ಮ ರಾಗಭಾವವನ್ನೂ ಹೊಂದಿಸುವುದು ಸುಲಭದ ಕೆಲಸವಲ್ಲ. ವೆಂಕಟಗಿರಿಯಪ್ಪನವರು ವಾದ್ಯಗಳಿಗೆಂದೇ ‘ನಗ್ಮಾ’ ಎಂಬ, ಸಾಹಿತ್ಯವಿಲ್ಲದ ಕೃತಿಗಳನ್ನು ರಚಿಸಿದರು.

ಈ ಮಾತು ನಮ್ಮ ಸೀಮೆಯವರಿಗೆ ಹೊಸತಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ಕಂಸಾಳೆಯವರು ಹಾಡುವುದನ್ನು ಕೇಳಿಲ್ಲವೇ? ಮುಂದಾಳು ಎತ್ತಿದ ಸೊಲ್ಲನ್ನು ಹಿಮ್ಮೇಳದವರು ಕಿವಿಗೊಟ್ಟು ಹಿಡಿದರಷ್ಟೇ ಕಥೆ ಮುಂದೆ ಸಾಗುತ್ತದೆ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯಾನಂತರ ಸಂಸ್ಥಾನ ವಿಲೀನಗೊಂಡು ಅರಮನೆಯ ಆಶ್ರಯ ಕುಗ್ಗಿತು. 1952ರಲ್ಲಿ ವೆಂಕಟಗಿರಿಯಪ್ಪನವರೂ ನಿಧನರಾದರು. ಹಾಗಾದರೆ ಅವರ ಶ್ರಮವೆಲ್ಲ ವ್ಯರ್ಥವಾಯಿತೇ? ಇಲ್ಲ. ಬಾಲಕನಾಗಿದ್ದಾಗಲೇ ಅವರ ಬಳಿ ಶಿಷ್ಯವೃತ್ತಿಗೆ ನಿಂತ ವಿ. ದೊರೆಸ್ವಾಮಿ ಅಯ್ಯಂಗಾರರು ಮೈಸೂರು ಬಾನಿಯ ವೀಣೆಯನ್ನು ಬೆಂಗಳೂರು ಆಕಾಶವಾಣಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. 1983ರಲ್ಲಿ ಪದ್ಮಭೂಷಣ, 1984ರಲ್ಲಿ ಮದ್ರಾಸಿನ ಸಂಗೀತ ಕಲಾನಿಧಿ ಬಿರುದು ಅವರಿಗೆ ಸಂದವು. ಆಶ್ರಯ ಕೊಟ್ಟ ಆಸ್ಥಾನ ಅಳಿದರೂ ಶಿಷ್ಯನಿಗೆ ಧಾರೆಯೆರೆದ ವಿದ್ಯೆ ಉಳಿಯಿತು.

ನಮ್ಮ ಗಾನವೃಂದದ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಹಳೆಯ ರಾಗಗಳು ನಿಮ್ಮ ಕಂಠದಲ್ಲಿವೆ, ಪುಸ್ತಕದಲ್ಲಿಲ್ಲ. ನೀವು ಕಲಿಸದಿದ್ದರೆ ಅವು ನಿಮ್ಮೊಡನೆಯೇ ಮುಗಿದುಹೋಗುತ್ತವೆ. ಯುವಕ ಯುವತಿಯರೇ, ಪಕ್ಕದವರ ಧ್ವನಿ ಕೇಳಿಸುವಷ್ಟು ನಿಮ್ಮ ಧ್ವನಿಯನ್ನು ತಗ್ಗಿಸಿರಿ. ಮುಂದಿನ ನೂರು ವರ್ಷಗಳ ಹಾಡು ಇಂದು ಕಲಿಯಲು ಕುಳಿತ ಮಗುವಿನಿಂದಲೇ ಆರಂಭವಾಗಬೇಕು.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.