ಹುಣಸೆ ಬೀಜ ತೇಯುವ ಕೈ

ಹಂಪಿಗೆ ಮಕ್ಕಳನ್ನು ಕರೆದುಕೊಂಡು ಹೋದವರು ಕಂಬ ತೋರಿಸುತ್ತಾರೆ, ಗೋಪುರ ತೋರಿಸುತ್ತಾರೆ. ಕಾಲಡಿಯ ಹಾಸುಗಲ್ಲು ತೋರಿಸುವವರು ಕಡಿಮೆ. ಆ ಕಲ್ಲುಗಳ ಮೇಲೆ ಅಲ್ಲಲ್ಲಿ ಆಟದ ಮನೆಗಳನ್ನು ಕೊರೆದಿದ್ದಾರೆ. ಯಾರು ಕೊರೆದರೋ, ಹೆಸರಿಲ್ಲ. ಅರಸರ ವಂಶಾವಳಿ ಕೇಳಿ ಆಕಳಿಸಿದ ಮಗು ಈ ಗೆರೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಇದನ್ನು ಹೇಗೆ ಆಡೋದು?" ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಪಕ್ಕದಲ್ಲಿ ಕೂತು ಆಡಿ ತೋರಿಸಬಲ್ಲೆವು?

ವರ್ಷಕ್ಕೊಮ್ಮೆ ಪಂಚೆ ಉಡಿಸಿ, ಲಂಗ ತೊಡಿಸಿ ವೇದಿಕೆ ಹತ್ತಿಸಿದರೆ ಸಂಸ್ಕೃತಿ ಕಲಿಸಿದೆವು ಎಂದು ಸಮಾಧಾನಪಡುತ್ತೇವೆ. ಫೋಟೊ ನಮಗೆ ಉಳಿಯಿತು. ಮಗುವಿನ ಕೈಗೆ ಏನು ಬಂತು?

ಚೌಕಾಬಾರವನ್ನೇ ತೆಗೆದುಕೊಳ್ಳಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು, 25 ಮನೆ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ. ಒಂದೊಂದರ ಒಂದು ಮಗ್ಗುಲನ್ನು ಬಿಳಿ ಕಾಣುವ ತನಕ ಕಲ್ಲಿಗೆ ತೇಯಬೇಕು. ಇದನ್ನು ಮಗುವೇ ಮಾಡಲಿ. ಬೀಜ ಜಾರುತ್ತದೆ, ಬೆರಳು ಬಿಸಿಯಾಗುತ್ತದೆ. ನಾಲ್ಕನೆಯದನ್ನು ತೇಯ್ದು ಮುಗಿಸುವಷ್ಟರಲ್ಲಿ ಆಟ ಅದರ ಸ್ವಂತದ್ದಾಗಿರುತ್ತದೆ. ಅಂಗಡಿಯಿಂದ ತಂದ ಡಬ್ಬಿಗೆ ಈ ಗುಣವಿಲ್ಲ.

ನಾಲ್ಕೂ ಬಿಳಿ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು. ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದಕ್ಕೆ ಎದುರು. ಗುರುತು ಹಾಕಿದ ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ನಡುಮನೆ ಸೇರಿದರೆ ಹಣ್ಣು. ಇನ್ನೊಂದೇ ಮನೆ ಎನ್ನುವಾಗ ಹೊಡೆತ ತಿಂದ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು. ಆ ಹೊತ್ತು ಮಗುವಿನ ಕಣ್ಣು ತುಂಬಬಹುದು. ದಯವಿಟ್ಟು ಆಗ ಕರಗಿ ಬೇಕೆಂದೇ ಸೋಲಬೇಡಿ. ಸೋತು ಮತ್ತೆ ಗರ ಹಾಕಿದವರೇ ಈ ಆಟವನ್ನು ನಮ್ಮ ತನಕ ತಲುಪಿಸಿದ್ದು. ಮಗುವಿಗೂ ಅದರಲ್ಲಿ ಪಾಲಿರಲಿ.

ದೊಡ್ಡವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಹಾಗೆ ಅನ್ನಿಸಲಿಲ್ಲ. 19ನೆಯ ಶತಮಾನದಲ್ಲಿ ರಚನೆಯಾದ ಅವರ ಶ್ರೀತತ್ತ್ವನಿಧಿಯಲ್ಲಿ ದೇವತೆಗಳ ಧ್ಯಾನಶ್ಲೋಕಗಳ ಜೊತೆಗೆ ಮಣೆಯಾಟಗಳಿಗೂ ಜಾಗವಿದೆ. ಆ ಭಾಗದ ಹೆಸರು ಕೌತುಕನಿಧಿ. ನಮ್ಮ ಕಾಲದಲ್ಲಿ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಅಂಥ ಮಣೆಗಳನ್ನು ಕುಶಲಕರ್ಮಿಗಳಿಂದ ಮಾಡಿಸಿ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳನ್ನು ನಡೆಸಿದೆ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡಲಾಗದಿದ್ದಾಗ ಚೆನ್ನೆಮಣೆ ಕೆಳಗಿಳಿಯುತ್ತಿತ್ತು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಕಾಳು. ಮಳೆ, ಮನೆ, ಬಿಡುವು, ಲೆಕ್ಕ ಎಲ್ಲವೂ ಒಂದೇ ಮಣೆಯ ಸುತ್ತ ಕೂತಿದ್ದವು.

ನಮ್ಮ ಶಾಲೆಗಳಲ್ಲಿ ಈಗ ಪುಸ್ತಕದ ಚೀಲವಿಲ್ಲದ ಸಂಭ್ರಮ ಶನಿವಾರವಿದೆ. ಆ ದಿನಕ್ಕೆ ಊರಿನ ಒಬ್ಬರು ಅಜ್ಜಿಯನ್ನು ಕರೆಯಬಹುದು. ಭಾಷಣಕ್ಕಲ್ಲ, ಎದುರಾಳಿಯಾಗಿ ಕೂರಲು. ಮೊಣಕಾಲು ನೋವಿದ್ದರೆ ಮೇಜಿನ ಮೇಲೆಯೇ ಮನೆ ಬರೆಯೋಣ.

ಜಗಳ ಬಂದೇ ಬರುತ್ತದೆ. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂದು ಒಂದು ಮನೆಯ ಕಟ್ಟಳೆ, ಹೋಗಬಹುದು ಎಂದು ಇನ್ನೊಂದು ಮನೆಯದು. ತೀರ್ಪು ಕೊಡಲು ಅವಸರ ಮಾಡಬೇಡಿ. ಮಕ್ಕಳನ್ನೇ ಕಳಿಸಿ. ಅಜ್ಜಿಯನ್ನು ಕೇಳಲಿ, ಪಕ್ಕದ ಬೀದಿಯ ಅಜ್ಜನನ್ನು ಕೇಳಲಿ, ಬೇರೆ ಊರಿಂದ ಸೊಸೆಯಾಗಿ ಬಂದವರನ್ನು ಕೇಳಲಿ, ಯಾರು ಕಲಿಸಿದರು ಎಂಬುದನ್ನೂ ಕೇಳಿ ಬರೆದುಕೊಂಡು ಬರಲಿ. ಅಷ್ಟೂ ಕಟ್ಟಳೆಗಳನ್ನು ಎದುರಿಗಿಟ್ಟುಕೊಂಡು, ಇವತ್ತು ಯಾವುದರಂತೆ ಆಡುವುದು ಎಂದು ತೀರ್ಮಾನಿಸುವ ಅಧಿಕಾರವನ್ನೂ ಅವರಿಗೇ ಬಿಡೋಣ.