ಗಾಡಿ, ಮೊಬೈಲು ಮತ್ತು ನಮ್ಮ ಸಂಘದ ಸಾಲ

(ಸವಣೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



‘ನಾವು ಹುಂಡಾ ಕೇಳಂಗಿಲ್ಲರೀ, ನಿಮ್ಮ ಮಗಳಿಗೆ ನೀವು ಏನ್ ಕೊಡತೀರೋ ಕೊಡ್ರಿ.’ ಬೀಗರ ಈ ಮಾತು ನಮಗೆಲ್ಲ ಗೊತ್ತು. ಕೇಳುವುದಿಲ್ಲ ಎಂದವರ ಪಟ್ಟಿಯೇ ಉದ್ದ. ಹಿಂದೆ ಕೈಗಡಿಯಾರ, ರೇಡಿಯೋ, ಸೈಕಲ್ಲು ಇದ್ದವು. ಈಗ ಗಾಡಿ, ಫ್ರಿಜ್ಜು, ದೊಡ್ಡ ಮೊಬೈಲು.

‘ಟೀವಿ, ಮೊಬೈಲು ಬಂದು ಜನ ಕೆಟ್ಟರು’ ಎಂದು ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. ಜಾಹೀರಾತು ಆಸೆ ಹಚ್ಚುವುದು ನಿಜ. ಮಂದಿಯ ಮದುವೆಯ ವೈಭವ ಮೊಬೈಲಿನಲ್ಲಿ ನೋಡಿ ನಮಗೂ ಹಾಗೆಯೇ ಆಗಬೇಕೆನಿಸುತ್ತದೆ. ಆದರೆ ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಆಗ ಯಾರ ಕೈಯಲ್ಲಿ ಮೊಬೈಲಿತ್ತು? ಗಾಡಿ ತಾನಾಗಿ ಬಂದು ಕೇಳುವುದಿಲ್ಲ. ಕೇಳುವವರು ಮನುಷ್ಯರು.

ಆ ಗಾಡಿಗೆ ದುಡ್ಡು ಎಲ್ಲಿಂದ ಬರುತ್ತದೆ? ಅನೇಕ ಸಲ ತಾಯಿಯ ಹೆಸರಿನ ಸಂಘದ ಸಾಲದಿಂದ. ಎಮ್ಮೆ ತಂದರೆ ಹಾಲು ಮಾರಿ ಕಂತು ಕಟ್ಟಬಹುದು. ಅಳಿಯನ ಗಾಡಿ ಯಾರ ಕಂತು ಕಟ್ಟುತ್ತದೆ? ಅವ್ವ ಕೂಲಿ ಮಾಡಿ ಕಟ್ಟಬೇಕು. ಕಂತು ತೀರುವ ಮೊದಲೇ ಮಗಳು ಇನ್ನೊಂದು ಬೇಡಿಕೆ ಹೊತ್ತು, ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದರೆ?

ಕಾನೂನು ಹೇಳುವುದನ್ನು ತಿಳಿದಿರೋಣ. ಮದುವೆಯ ಸಂಬಂಧವಾಗಿ ಮೊದಲು, ಆಗ, ಅಥವಾ ಆಮೇಲೆ ಕೊಟ್ಟದ್ದು, ಕೊಡಲು ಒಪ್ಪಿದ್ದು ವರದಕ್ಷಿಣೆಯೇ. ಕೇಳದೆ ಕೊಟ್ಟ ಉಡುಗೊರೆಗಳಿಗೆ ವಿನಾಯಿತಿ ಉಂಟು. ಆದರೆ 1985ರ ನಿಯಮದಂತೆ ಅವುಗಳ ಪಟ್ಟಿ ಬರೆದು ವಧು-ವರ ಇಬ್ಬರೂ ಸಹಿ ಹಾಕಬೇಕು. ತನಗೆ ಬಂದದ್ದರ ಪಟ್ಟಿ ವಧುವಿನ ಕೈಯಲ್ಲೇ ಇರಬೇಕು. ‘ಕೊಟ್ಟವರೂ ತಪ್ಪಿತಸ್ಥರು’ ಎಂಬ ಹೆದರಿಕೆ ಬೇಡ. ನೊಂದವರು ದೂರಿನಲ್ಲಿ ಹೇಳಿದ ಮಾತನ್ನೇ ಹಿಡಿದು ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹಿಂಸೆ ಕೊಡುವ ಗಂಡ, ಅವನ ಮನೆಯವರ ಮೇಲೆ 1983ರಿಂದ ಇದ್ದ 498-ಎ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಅಂಕಿ ಬದಲಾಗಿದೆ, ರಕ್ಷಣೆ ಉಳಿದಿದೆ.

ಇನ್ನು ಮೊಬೈಲು. ಸೊಸೆಯ ಕೈಗೆ ಬಂದರೆ ‘ಯಾರ ಜೋಡಿ ಮಾತಾಡ್ತಿ?’ ಎಂಬ ತನಿಖೆ. ಗೃಹಲಕ್ಷ್ಮಿಯ 2000 ರೂಪಾಯಿ ಹೆಂಗಸಿನ ಖಾತೆಗೆ ಬಂದರೂ ಸಂದೇಶ ಗಂಡನ ಮೊಬೈಲಿಗೆ ಹೋದರೆ ಆ ದುಡ್ಡು ಯಾರದು? ಹೆಣ್ಣಿನ ಹಣ, ಒಡವೆ ಕಿತ್ತುಕೊಳ್ಳುವುದೂ 2005ರ ಕಾಯಿದೆಯ ಪ್ರಕಾರ ಕೌಟುಂಬಿಕ ಹಿಂಸೆಯೇ. ಅದೇ ಮೊಬೈಲಿನಿಂದ 181 ಒತ್ತಿದರೆ ಮಹಿಳಾ ಸಹಾಯವಾಣಿ, 112 ಒತ್ತಿದರೆ ಪೊಲೀಸರು. ಬೆದರಿಕೆಯ ಸಂದೇಶಗಳನ್ನು ಅಳಿಸಬೇಡಿ. ಅವು ಸಾಕ್ಷಿ.

ಮುಂದಿನ ವಾರದ ಸಭೆಯಲ್ಲಿ ಠರಾವು ಬರೆಯೋಣ. ವರದಕ್ಷಿಣೆಗೆ ನಮ್ಮ ಸಂಘ ಸಾಲ ಕೊಡುವುದಿಲ್ಲ. ಮಗಳ ಓದಿಗೆ, ಹೊಲಿಗೆ ಯಂತ್ರಕ್ಕೆ ಮೊದಲು ಕೊಡುತ್ತದೆ. ಪ್ರತಿ ಸದಸ್ಯೆಯ ಬ್ಯಾಂಕ್ ಖಾತೆಗೆ ಅವಳದೇ ನಂಬರು ಇರಬೇಕು. ಹೊಡೆತ ತಿಂದು ಬಂದ ಮಗಳನ್ನು ‘ಹೊಂದಿಕೊಂಡು ಹೋಗು’ ಎಂದು ಹಿಂದಕ್ಕೆ ಅಟ್ಟುವುದಿಲ್ಲ. ವಾರವಾರ ಹತ್ತು ಹತ್ತು ರೂಪಾಯಿ ಕೂಡಿಸಿ ಸಂಘ ಕಟ್ಟಿದವರು ನಾವು, ಇದನ್ನೂ ಮಾಡಬಲ್ಲೆವು.